ಹೂಳಿಗಿಂತ ಮೊದಲು ಕಾಲುವೆ: ಕೋಲಾರ ಸೀಮೆಯ ಒಂದು ಕೆರೆಯಲ್ಲಿ ನನ್ನ ಅನುಭವ

"ಕಾಲುವೆ ತೋಡಿದ್ರೆ ಮಳೆ ಬರ್ತದಾ?" ಕೆರೆಗೆ ಮಳೆನೀರು ತರುವ ಕಾಲುವೆ ಬಿಡಿಸೋಣ ಅಂದಾಗ, 2019ರಲ್ಲಿ ಅರಳಿಕಟ್ಟೆಯಲ್ಲಿ ಕೂತವರೆಲ್ಲ ನನ್ನನ್ನು ಕೇಳಿದ್ದು ಇದನ್ನೇ. ಈಗ ಅವರೇ ಪಕ್ಕದ ಊರಿನವರನ್ನು ಕರೆತಂದು ಕಾಲುವೆ ತೋರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ, ಹೂಳೆತ್ತುವುದು. ಮೂರು ಲಕ್ಷದ ಹತ್ತಿರ ಚಂದಾ ಎತ್ತಿ, ಹಿಟಾಚಿ ತರಿಸಿ, ಕೆರೆ ಕಟ್ಟೆಯ, ಅಂದರೆ ಏರಿಯ, ಹತ್ತಿರವೇ ಆಳವಾಗಿ ಅಗೆಸಿದೆವು. ಜೇಡಿ ಪದರ ಮುಗಿದು ನೀರು ಇಂಗಿಸುವ ಗರಸು ಕಂಡಾಗಲೂ ನಿಲ್ಲಿಸಲಿಲ್ಲ. ಆ ವರ್ಷ ಬಂದ ಅಷ್ಟಿಷ್ಟು ನೀರು ತಿಂಗಳೊಳಗೆ ಇಂಗಿಹೋಯಿತು. ಏರಿಯ ಬುಡದಲ್ಲಿ ಬಿರುಕು ಬೇರೆ. ಮತ್ತೆ ಜೇಡಿಮಣ್ಣು ತುಂಬಿಸಿ ಗಟ್ಟಿ ಮಾಡಿಸಲು ಎಂಬತ್ತು ಸಾವಿರ ಹೋಯಿತು. ಇಂಗಿದ ನೀರು ಬೋರುಗಳಿಗಾದರೂ ಸೇರಿತಲ್ಲ ಅಂದರು ಕೆಲವರು. ದನಗಳಿಗೆ ಕುಡಿಯಲು ನೀರಿಲ್ಲದಾಗ ಆ ಮಾತು ನನಗೆ ಹಿಡಿಸಲಿಲ್ಲ.

ಆಮೇಲೆ ನಾನು ಹಟ ಹಿಡಿದೆ. ಮಳೆ ಸುರಿಯುವಾಗಲೇ ಗುದ್ದಲಿ ಹೊತ್ತು ಕೆರೆಗೆ ನೀರು ತರುವ ಆ ರಾಜಕಾಲುವೆಯ ಉದ್ದಕ್ಕೂ ನಡೆದೆ, ಸುಮಾರು ಎರಡು ಕಿಲೋಮೀಟರ್. ಬಿಸಿಲಲ್ಲಿ ನೋಡಿದರೆ ಕಾಲುವೆ ಚೆನ್ನಾಗೇ ಕಾಣುತ್ತದೆ. ಮಳೆಯಲ್ಲಿ ನೋಡಬೇಕು. ಕೆಂಪು ನೀರು ಜಾಲಿ ಮೆಳೆಗೆ ಬಡಿದು, ನೊರೆ ಕಟ್ಟಿ, ಪಕ್ಕಕ್ಕೆ ತಿರುಗಿ ಗಾಡಿ ದಾರಿ ಹಿಡಿದು ಹೋಗುತ್ತಿತ್ತು. ಇಂಥ ಹದಿನಾಲ್ಕೋ ಹದಿನೈದೋ ಜಾಗ ಸಿಕ್ಕವು. ಅಲ್ಲಲ್ಲೇ ಕಲ್ಲು ನೆಟ್ಟು ಗುರುತು ಮಾಡಿದೆ.

ಆ ಜಾಗಗಳನ್ನು ಬಿಡಿಸಲು ಜೆಸಿಬಿಗೆ ಎಪ್ಪತ್ತು ಸಾವಿರ ಚಿಲ್ಲರೆ ಆಯಿತು, ಅಷ್ಟೇ. ಕಾಲುವೆ ಕೆರೆಗೆ ಸೇರುವ ಮೊದಲು ಮೂರು ಹೂಳುಗುಂಡಿ ತೆಗೆಸಿದೆ. ಗುಂಡಿಗಳ ಅಂತರ ನನ್ನದೇ ಲೆಕ್ಕ, ಅದು ನನ್ನಲ್ಲೇ ಇರಲಿ. ಈಗ ವರ್ಷಾ ವರ್ಷ ಆ ಗುಂಡಿಗಳ ಗೋಡುಮಣ್ಣನ್ನು ರೈತರು ದುಡ್ಡು ಕೊಟ್ಟು ಹೊಲಕ್ಕೆ ಹೊಡೆಸಿಕೊಳ್ಳುತ್ತಾರೆ. ಗುಂಡಿ ಸ್ವಚ್ಛ ಮಾಡುವ ಖರ್ಚು ಅದರಲ್ಲೇ ಕಳೆಯುತ್ತದೆ. ಕಾಲುವೆ ಒತ್ತುವರಿ ಮಾಡಿದ್ದ ನಾಲ್ಕು ಜನರನ್ನು ಜಗಳವಿಲ್ಲದೆ ಹೇಗೆ ಒಪ್ಪಿಸಿದೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ.

ಜಾಸ್ತಿ ಬೈಸಿಕೊಂಡಿದ್ದು ಕೆರೆಯ ಹೆಚ್ಚಿನ ನೀರು ಹೊರಹೋಗುವ ಕೋಡಿ ವಿಷಯದಲ್ಲಿ. ಅರ್ಧ ಅಡಿ ನೀರು ಹೆಚ್ಚು ನಿಲ್ಲಲಿ ಅಂತ ಊರವರು ಕೋಡಿ ಮೇಲೆ ಮರಳು ಚೀಲ ಜೋಡಿಸಿದ್ದರು. ನಾನು ತೆಗೆಸಿದೆ. ಈಗಿನ ಮಳೆ ಮೊದಲಿನಂತಲ್ಲ, ತಿಂಗಳುಗಟ್ಟಲೆ ಇಲ್ಲ, ಬಂದರೆ ಎರಡೇ ದಿನದಲ್ಲಿ ಸುರಿದು ಹೋಗುತ್ತದೆ. ಆ ನೀರಿಗೆ ದಾರಿ ಇಲ್ಲದಿದ್ದರೆ ಏರಿಯೇ ದಾರಿ. 2021ರ ನವೆಂಬರ್ ಮಳೆ ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ, ಅಲ್ವಾ? ಕೆರೆ ತುಂಬಿ ಕೋಡಿ ಹರಿಯಿತು, ಏರಿಯಲ್ಲಿ ಒಂದು ಹನಿ ಒಸರಲಿಲ್ಲ. ಆ ರಾತ್ರಿ ನಾನು ಟಾರ್ಚ್ ಹಿಡಿದು ಏರಿ ಮೇಲೇ ಇದ್ದೆ.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಬೇಸಿಗೆಯಲ್ಲಿ, ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಅಗಲ ಬೋಗುಣಿಯಲ್ಲಿ ನೀರಿಟ್ಟು ದಿನಾ ಸ್ಕೇಲಿನಿಂದ ಅಳೆದೆ. ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿ. ಕೆರೆಯಲ್ಲಿ ಸ್ವಲ್ಪ ಕಡಿಮೆಯೇ ಇದ್ದೀತು. ಆದರೂ ನಾಲ್ಕು ತಿಂಗಳಿಗೆ ಎರಡೂವರೆ ಅಡಿ ಬಿಸಿಲಿಗೇ ಹೋಯಿತಲ್ಲ!

ಬೋಗುಣಿಯ ಲೆಕ್ಕ ತೋರಿಸಿಯೇ ತೂಬಿನ ಕಲ್ಲಿಗೆ ಕೆಂಪು ಗೆರೆ ಬಳಿಸಿದೆ. ನೀರು ಆ ಗೆರೆಗೆ ಇಳಿದರೆ ತೂಬು ಬಂದ್, ಉಳಿದದ್ದು ದನಕರುಗಳಿಗೆ. ಅಂಥ ವರ್ಷ ಭತ್ತ ಇಲ್ಲ, ರಾಗಿ. ತೂಬು ನೋಡಿಕೊಳ್ಳುವ ನೀರುಗಂಟಿಗೆ ತಿಂಗಳ ಸಂಬಳ ಗೊತ್ತು ಮಾಡಿದೆವು, ಇಲ್ಲದಿದ್ದರೆ ಗೆರೆಗೆ ಬೆಲೆ ಇರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಮುಂದಿನ ಏಪ್ರಿಲ್‌ವರೆಗೂ ನಮ್ಮ ದನಗಳು ಕೆರೆಯಲ್ಲೇ ನೀರು ಕುಡಿದವು.

ಈ ವರ್ಷ ಮೇಲಿನ ಕೆರೆಯ ಕೋಡಿಯಲ್ಲಿ ಬೆಳೆದ ಜಾಲಿಯನ್ನು ನಮ್ಮ ದುಡ್ಡಿನಲ್ಲೇ ಕಡಿಸುತ್ತಿದ್ದೇವೆ. ಆ ಕೆರೆಯ ಏರಿ ಒಡೆದರೆ ನೀರು ಬರುವುದು ನಮ್ಮ ಕೆರೆಗೇ.