ಸಾವಿನ ನಂತರ ಕುಟುಂಬಕ್ಕೆ ಬರಬೇಕಾದ ಹಣ: ಯಾವ ಕಾಗದ ಮೊದಲು, ಯಾವುದು ಆಮೇಲೆ?

ಮನೆಯಲ್ಲಿ ದುಡಿಯುತ್ತಿದ್ದವರು ತೀರಿಕೊಂಡರೆ ಸಾಲ ಬೇಗ ಸಿಗುತ್ತದೆ, ಬರಬೇಕಾದ ಹಣ ತಡವಾಗುತ್ತದೆ. ವಾಹನದ ಬಾಡಿಗೆ, ಸಂಸ್ಕಾರ, ತಿಥಿ ಅಂತ ಕೈಗಡ ತೆಗೆದು, ಆಮೇಲೆ ವರ್ಷಗಟ್ಟಲೆ ಬಡ್ಡಿ ಕಟ್ಟುವವರನ್ನು ನೋಡುತ್ತಲೇ ಇದ್ದೇನೆ. ಅದೇ ಮನೆಯ ಬೀರುವಿನೊಳಗಿನ ಪಾಸ್‌ಬುಕ್‌ನಲ್ಲಿ ಎರಡು ಲಕ್ಷದ ವಿಮೆಯ ಗುರುತು ಇರುತ್ತದೆ. ಯಾರೂ ತೆಗೆದು ನೋಡಿರುವುದಿಲ್ಲ. ಇನ್ನು ಕೆಲವರು ನೋಡಿರುತ್ತಾರೆ, ಆದರೆ ಡೆತ್ ಸರ್ಟಿಫಿಕೇಟ್‌ನಲ್ಲಿ ಹೆಸರು ತಪ್ಪಾಗಿ ತಿಂಗಳುಗಟ್ಟಲೆ ಅಲೆಯುತ್ತಿರುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಸರ್ಟಿಫಿಕೇಟ್‌ಗೇ ಜಾಸ್ತಿ ಜಾಗ.

ಹಂತ 1: ಆಸ್ಪತ್ರೆಯಿಂದ ಹೊರಡುವ ಮುಂಚೆ

ಬಿಲ್ ಬಾಕಿ ಇದೆ ಅಂತ ಶವ ಕೊಡದೆ ಇಟ್ಟುಕೊಳ್ಳುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಬಾಕಿಯನ್ನು ಆಸ್ಪತ್ರೆ ಆಮೇಲೆ ವಸೂಲಿ ಮಾಡಿಕೊಳ್ಳಬಹುದು, ಅದು ಬೇರೆ ಮಾತು. ಆ ಹೊತ್ತಿನಲ್ಲಿ ಒಡವೆ ಅಡವಿಡಲು ಓಡುವ ಮುಂಚೆ ಈ ಮಾತನ್ನು ಕೌಂಟರ್‌ನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ.

ಸಾವಿಗೆ ಕಾರಣ ಬರೆದ ವೈದ್ಯರ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಹತ್ತಿರದ ಸಂಬಂಧಿಗೆ ಅದನ್ನು ಉಚಿತವಾಗಿ ಕೊಡಬೇಕು. ನೋಂದಣಿ ಕಚೇರಿ ಕೊಡುವ ಡೆತ್ ಸರ್ಟಿಫಿಕೇಟ್‌ನಲ್ಲಿ ಸಾವಿನ ಕಾರಣ ಇರುವುದಿಲ್ಲ. ವಿಮೆಯವರು ಕೇಳುವುದೇ ಕಾರಣವನ್ನು.

ಅಪಘಾತವಾದರೆ ಇನ್ನೊಂದು ಮಾತು. ಮರದಿಂದ ಬಿದ್ದಿರಲಿ, ಕರೆಂಟ್ ಹೊಡೆದಿರಲಿ, ಹಾವು ಕಚ್ಚಿರಲಿ, ನೀರಿನಲ್ಲಿ ಮುಳುಗಿರಲಿ, ಪೋಸ್ಟ್‌ಮಾರ್ಟಂ ಬೇಡ ಅನ್ನಬೇಡಿ. 'ಸತ್ತವರನ್ನು ಯಾಕೆ ಕೊಯ್ಯಿಸೋದು, ಸುಮ್ನೆ ಕೊಟ್ಟುಬಿಡಿ' ಎಂದು ಊರಿನ ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ. ಅವರ ಮಾತು ಕೇಳಿ ಪೊಲೀಸರಿಗೂ ತಿಳಿಸದೆ ಸಂಸ್ಕಾರ ಮಾಡಿಬಿಟ್ಟರೆ ಅಪಘಾತ ವಿಮೆ ಕೈಬಿಟ್ಟಂತೆಯೇ. ದೂರು, ಮಹಜರು, ಪೋಸ್ಟ್‌ಮಾರ್ಟಂ ವರದಿ, ಈ ಮೂರೂ ಇದ್ದರೆ ಕ್ಲೇಮಿಗೆ ಬಲ ಬರುತ್ತದೆ.

ಹಂತ 2: ಡೆತ್ ಸರ್ಟಿಫಿಕೇಟ್

ಮೊದಲ ಗೊಂದಲ, ಎಲ್ಲಿಗೆ ಹೋಗುವುದು? ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ, ಮನೆ ಎಲ್ಲಿದೆ ಎಂಬುದಕ್ಕೆ ಬೆಲೆ ಇಲ್ಲ. ಚಿಕ್ಕಮಗಳೂರಿನವರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಸರ್ಟಿಫಿಕೇಟ್ ಮಂಗಳೂರಿನದೇ. ಆಸ್ಪತ್ರೆಯಲ್ಲಾದ ಸಾವನ್ನು ಆಸ್ಪತ್ರೆಯೇ ವರದಿ ಮಾಡುತ್ತದೆ. ಮನೆಯಲ್ಲಿ ಆದರೆ ಮನೆಯವರೇ ತಿಳಿಸಬೇಕು. ನಗರದಲ್ಲಿ ಪಾಲಿಕೆ ಅಥವಾ ಪುರಸಭೆಗೆ ಹೋಗಿ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಗಡುವು 21 ದಿನ. ಅಷ್ಟರೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನದವರೆಗೆ ದಂಡ ಕಟ್ಟಿ ಮಾಡಿಸಬಹುದು. ಅದು ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. 'ತಿಥಿ ಮುಗಿಯಲಿ, ಆಮೇಲೆ ನೋಡೋಣ' ಅನ್ನುವುದು ಸಹಜ. ಆದರೆ ತಿಥಿ ಮುಗಿಯುವ ಹೊತ್ತಿಗೆ ಗಡುವಿನ ಅರ್ಧಕ್ಕಿಂತ ಜಾಸ್ತಿ ಕಳೆದಿರುತ್ತದೆ. ಮನೆಯಲ್ಲಿ ದುಃಖ ಕಡಿಮೆ ಇರುವ ಒಬ್ಬರಿಗೆ, ಅಳಿಯನೋ ಚಿಕ್ಕಪ್ಪನ ಮಗನೋ, ಈ ಕೆಲಸ ಒಪ್ಪಿಸಿ.

ಎಡವಟ್ಟಾಗುವುದು ಇದಾದ ಮೇಲೆ. ಆಸ್ಪತ್ರೆಯ ಕೌಂಟರ್‌ನಲ್ಲಿ ಒಂದು ಫಾರಂ ಕೊಡುತ್ತಾರೆ. ಹೆಂಡತಿ ಮಕ್ಕಳು ಅಳುತ್ತಾ ಕೂತಿರುತ್ತಾರೆ. ಫಾರಂ ತುಂಬುವವನು ಯಾರೋ ಜೊತೆಗೆ ಬಂದವನು. ಅವನಿಗೆ ಗೊತ್ತಿರುವುದು ಊರಿನಲ್ಲಿ ಕರೆಯುವ ಹೆಸರು. ಆಧಾರ್‌ನಲ್ಲಿ 'ಶಿವಲಿಂಗಪ್ಪ ಎನ್' ಇದ್ದವರು ಫಾರಂನಲ್ಲಿ 'ಶಿವಣ್ಣ' ಆಗುತ್ತಾರೆ. ಬ್ಯಾಂಕಿನಲ್ಲಿ 'ಎನ್ ಶಿವಲಿಂಗಪ್ಪ', ವಿಮೆಯಲ್ಲಿ 'ಶಿವಲಿಂಗಪ್ಪ ನಂಜಪ್ಪ'. ಮೂರು ಕಾಗದಕ್ಕೆ ಮೂರು ಮನುಷ್ಯರು! ಇಂಗ್ಲಿಷ್ ಕಾಗುಣಿತದ್ದು ಇನ್ನೊಂದು ಕಥೆ. ಲಕ್ಷ್ಮಿ ಎಂಬ ಹೆಸರಿಗೆ ಒಂದು ಕಡೆ 'ಕೆ ಎಸ್ ಎಚ್', ಇನ್ನೊಂದು ಕಡೆ 'ಎಕ್ಸ್'. ಕ್ಲೇಮು ನೋಡುವ ಗುಮಾಸ್ತ ಆ ಒಂದು ಅಕ್ಷರದ ಕೆಳಗೆ ಗೆರೆ ಎಳೆದು ಕಾಗದ ವಾಪಸ್ ಮಾಡುತ್ತಾನೆ.

ಹಾಗಾಗಿ ಹೀಗೆ ಮಾಡಿ. ಫಾರಂ ತುಂಬುವವರ ಕೈಯಲ್ಲಿ ತೀರಿಕೊಂಡವರ ಆಧಾರ್ ಇರಲೇಬೇಕು. ಬಾಯಲ್ಲಿ ಹೇಳಬೇಡಿ, ನೋಡಿ ಬರೆಯಿರಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬುದನ್ನೂ ಅದರಲ್ಲಿ ಇರುವಂತೆಯೇ ಬರೆಯಿರಿ. ತಂದೆಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ವಿಳಾಸಕ್ಕೂ ಇದೇ ನಿಯಮ. ಆಧಾರ್ ಕೈಗೆ ಸಿಗದಿದ್ದರೆ ಮನೆಯಿಂದ ವಾಟ್ಸಾಪ್‌ನಲ್ಲಿ ಫೋಟೊ ತರಿಸಿಕೊಳ್ಳಿ, ಹತ್ತು ನಿಮಿಷ ತಡವಾದರೂ ಪರವಾಗಿಲ್ಲ. ತುಂಬಿದ ಫಾರಂನ ಒಂದು ಫೋಟೊ ನಿಮ್ಮ ಮೊಬೈಲ್‌ನಲ್ಲೂ ಇರಲಿ. ತಾರೀಖನ್ನು ಇನ್ನೊಮ್ಮೆ ನೋಡಿ. ನಡುರಾತ್ರಿ ಸುತ್ತಮುತ್ತ ಆದ ಸಾವಿಗೆ ಆಸ್ಪತ್ರೆ ದಾಖಲೆಯಲ್ಲಿ ಒಂದು ದಿನ, ಫಾರಂನಲ್ಲಿ ಇನ್ನೊಂದು ದಿನ ಬಿದ್ದಿರುತ್ತದೆ.

ತಪ್ಪು ಆಗಿಯೇ ಹೋಗಿದ್ದರೆ ನೋಂದಣಾಧಿಕಾರಿಗೆ ತಿದ್ದುವ ಅಧಿಕಾರ ಇದೆ. ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕುತ್ತಾರೆ. ಆಧಾರ್, ಪಾಸ್‌ಬುಕ್, ಅರ್ಜಿ ಹಿಡಿದು ಮೊದಲು ಅಲ್ಲಿಗೇ ಹೋಗಿ. 'ಇವರೂ ಅವರೂ ಒಬ್ಬರೇ' ಎಂಬ ಅಫಿಡವಿಟ್ ಮಾಡಿಸಿದರೆ ಸಾಕು ಅಂತ ಕೋರ್ಟಿನ ಮುಂದೆ ಟೈಪ್ ಮಾಡುವವರು ಹೇಳುತ್ತಾರೆ. ನನಗೆ ಆ ದಾರಿಯಲ್ಲಿ ನಂಬಿಕೆ ಇಲ್ಲ. ಒಂದು ಬ್ಯಾಂಕು ಒಪ್ಪಿದರೆ ಇನ್ನೊಂದು ಒಪ್ಪುವುದಿಲ್ಲ, ಪ್ರತಿ ಕಡೆಗೂ ಹೊಸ ಛಾಪಾ ಕಾಗದ. ಮೂಲವನ್ನೇ ತಿದ್ದಿಸಿ.

ಸರ್ಟಿಫಿಕೇಟ್‌ನ ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಲ್ಯಾಮಿನೇಷನ್ ಮಾಡಿಸಬೇಡಿ. ಮೇಲೆ ಮುದ್ರೆ ಒತ್ತಲು ಆಗುವುದಿಲ್ಲ, ಜೆರಾಕ್ಸ್ ಸರಿ ಬರುವುದಿಲ್ಲ.

ಹಂತ 3: ಪಾಸ್‌ಬುಕ್ ಓದುವುದು

ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ ಹೊರಗೆ ತೆಗೆದು, ಮುದ್ರಣ ಹಾಕಿಸಿ, ಮೇ ಕೊನೆ ಮತ್ತು ಜೂನ್ ಮೊದಲ ವಾರದ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಯಾವ ಕಾರಣದಿಂದ ಸತ್ತರೂ ಎರಡು ಲಕ್ಷ. ವರ್ಷದ ನಡುವೆ ಸೇರಿದ್ದರೆ ಕಡಿತ 342, 228 ಅಥವಾ 114 ರೂಪಾಯಿ ಇರುತ್ತದೆ. 20 ರೂಪಾಯಿ ಕಡಿತ ಇದ್ದರೆ ಸುರಕ್ಷಾ ವಿಮೆ. ಅದು ಅಪಘಾತದ ಸಾವಿಗೆ ಮಾತ್ರ, ಮೊತ್ತ ಇದಕ್ಕೂ ಎರಡು ಲಕ್ಷ. ಎರಡೂ ಇದ್ದು ಸಾವು ಅಪಘಾತದಿಂದ ಆಗಿದ್ದರೆ ನಾಲ್ಕು ಲಕ್ಷ.

ಜೀವನ್ ಜ್ಯೋತಿಗೆ 50 ವರ್ಷದೊಳಗೆ ಸೇರಿರಬೇಕು, 55ಕ್ಕೆ ರಕ್ಷಣೆ ಮುಗಿಯುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಹಣವಿಲ್ಲ. ಮೂರು ಬ್ಯಾಂಕಿನಲ್ಲಿ ಕಡಿತವಾಗಿದ್ದರೂ ಸಿಗುವುದು ಒಂದೇ ಎರಡು ಲಕ್ಷ. ಅರ್ಜಿ ಕೊಡಬೇಕಾದ್ದು ಕಡಿತವಾದ ಬ್ಯಾಂಕ್ ಶಾಖೆಗೇ, ಸಾಧ್ಯವಾದಷ್ಟು 30 ದಿನದೊಳಗೆ. ಬದುಕಿರುವವರಿಗೂ ಒಂದು ಮಾತು: ಮೇ ತಿಂಗಳ ಕೊನೆಗೆ ಖಾತೆಯಲ್ಲಿ 456 ರೂಪಾಯಿ ಇರಲಿ. ಹಣ ಇಲ್ಲದೆ ಕಡಿತ ತಪ್ಪಿದರೆ ವಿಮೆಯೂ ತಪ್ಪುತ್ತದೆ.

ಜನಧನ್ ಖಾತೆಯ ರುಪೇ ಕಾರ್ಡ್‌ಗೂ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ತೆರೆದ ಖಾತೆಗೆ ಎರಡು ಲಕ್ಷ, ಹಳೆಯದಕ್ಕೆ ಒಂದು ಲಕ್ಷ. ಆದರೆ ಅಪಘಾತಕ್ಕೆ ಮುಂಚಿನ 90 ದಿನದಲ್ಲಿ ಒಮ್ಮೆಯಾದರೂ ಕಾರ್ಡ್ ಬಳಸಿರಬೇಕು.

ಸಾಲ ಇದ್ದರೆ ಕಂತು ಕಟ್ಟುವ ಮುಂಚೆ ಕೇಳಿ: 'ಈ ಸಾಲಕ್ಕೆ ವಿಮೆ ಮಾಡಿಸಿದ್ದೀರಾ?' ಸಂಘದ ಸಾಲ, ಫೈನಾನ್ಸ್ ಸಾಲ, ಮನೆ ಸಾಲ ಕೊಡುವಾಗ ವಿಮೆಯ ಹಣವನ್ನು ಮೊದಲೇ ಹಿಡಿದುಕೊಂಡಿರುವುದು ಉಂಟು. ಕಂತು ವಸೂಲಿಗೆ ಬರುವವರು ತಾವಾಗಿ ಈ ವಿಷಯ ಎತ್ತುವುದಿಲ್ಲ.

ಹಂತ 4: ಕೆಲಸ ಮಾಡುತ್ತಿದ್ದ ಕಡೆ

ಇಎಸ್‌ಐ ಇದ್ದರೆ ಅಂತ್ಯಸಂಸ್ಕಾರದ ಖರ್ಚಿಗೇ 15,000 ರೂಪಾಯಿವರೆಗೆ ಕೊಡುತ್ತಾರೆ. ಸಂಸ್ಕಾರಕ್ಕೆ ಹಣ ಹಾಕಿದವರು ಮೂರು ತಿಂಗಳೊಳಗೆ ಕೇಳಬೇಕು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ, ಇಎಸ್‌ಐ ಅಂದರೆ ಔಷಧಿ ಅಷ್ಟೇ ಅಂದುಕೊಂಡಿರುತ್ತಾರೆ.

ಪಿಎಫ್ ಇದ್ದವರಿಗೆ ಮೂರು ಹಣ ಬರಬೇಕು. ಕೂಡಿಟ್ಟ ಪಿಎಫ್, ಕುಟುಂಬ ಪಿಂಚಣಿ, ಮತ್ತು ಇಡಿಎಲ್‌ಐ ಎಂಬ ವಿಮೆ. ಮೂರನೆಯದನ್ನೇ ಜನ ಬಿಟ್ಟುಬಿಡುವುದು. ಅದರ ಕಂತನ್ನು ಮಾಲೀಕರೇ ಕಟ್ಟುವುದರಿಂದ ಸಂಬಳದ ಚೀಟಿಯಲ್ಲಿ ಕಡಿತ ಕಾಣುವುದಿಲ್ಲ. ಮೊತ್ತ ಏಳು ಲಕ್ಷದವರೆಗೆ. ಮೂರಕ್ಕೂ ಸೇರಿ ಒಂದೇ ಅರ್ಜಿ ಇದೆ, ಮೂರನ್ನೂ ಗುರುತು ಮಾಡಿದ್ದೀರಾ ನೋಡಿ. ಸೇವೆಯ ಲೆಕ್ಕಕ್ಕೆ ಮಾಲೀಕರು ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿಯನ್ನೂ ಕೇಳಿ. ಸಾವಿನ ಸಂದರ್ಭದಲ್ಲಿ ಐದು ವರ್ಷ ತುಂಬಿರಬೇಕು ಎಂಬ ಷರತ್ತು ಇಲ್ಲ.

ಹಂತ 5: ಸರ್ಕಾರದ ನೆರವು

ಬಿಪಿಎಲ್ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ವ್ಯಕ್ತಿ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಒಂದೇ ಸಲಕ್ಕೆ ಸಿಗುತ್ತದೆ. ಮನೆಯೊಳಗೇ ದುಡಿಯುವ ಗೃಹಿಣಿಯನ್ನೂ ಯೋಜನೆಯ ಮಾರ್ಗಸೂಚಿ ದುಡಿಯುವವರೆಂದೇ ಲೆಕ್ಕ ಹಾಕುತ್ತದೆ. 'ಆಯಮ್ಮ ಕೆಲಸಕ್ಕೆ ಹೋಗ್ತಿರಲಿಲ್ಲವಲ್ಲ' ಅಂತ ಯಾರಾದರೂ ಅಂದರೆ ಇದನ್ನು ಹೇಳಿ. ವಿಧವಾ ವೇತನಕ್ಕೂ ನಾಡಕಚೇರಿಯಲ್ಲೇ ಅರ್ಜಿ. ಅಲ್ಲಿಗೆ ಹೋದಾಗ ವಂಶವೃಕ್ಷಕ್ಕೂ ಅರ್ಜಿ ಹಾಕಿಬಿಡಿ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೇಗೂ ಬೇಕು.

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದೆ ಹೋದರೆ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಡಿ ಎರಡು ಲಕ್ಷ ಪರಿಹಾರ ಇದೆ. ತಾಲ್ಲೂಕು ಅಥವಾ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

'ಎಲ್ಲಾ ನಾನು ಮಾಡಿಸಿಕೊಡ್ತೀನಿ, ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ' ಎನ್ನುವವರು ಈ ಕಚೇರಿಗಳ ಹೊರಗೆ ಸಿಕ್ಕೇ ಸಿಗುತ್ತಾರೆ. ಫಾರಂ ತುಂಬಿಕೊಟ್ಟಿದ್ದಕ್ಕೆ ನೂರು ರೂಪಾಯಿ ಕೊಡಿ, ಬೇಡ ಅನ್ನುವುದಿಲ್ಲ. ಪರ್ಸೆಂಟ್ ಒಪ್ಪಬೇಡಿ, ಸಹಿ ಮಾಡಿದ ಖಾಲಿ ಚೆಕ್ಕಂತೂ ಯಾರ ಕೈಗೂ ಕೊಡಬೇಡಿ.

ಹಂತ 6: ಬ್ಯಾಂಕ್ ಖಾತೆ

ಪಿನ್ ಗೊತ್ತಿದೆ ಅಂತ ಎಟಿಎಂನಿಂದ ಹಣ ತೆಗೆಯುವುದು ಎಲ್ಲರೂ ಮಾಡುವ ಅಡ್ಡದಾರಿ. ಬೇಡ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಬಂದ ದಿನ ಆ ತಾರೀಖು, ಆ ಸಮಯ ಎಲ್ಲ ಪಾಸ್‌ಬುಕ್‌ನಲ್ಲಿ ಅಚ್ಚಾಗಿ ಕೂತಿರುತ್ತದೆ. ನಾಮಿನಿ ಇದ್ದರೆ ಸರ್ಟಿಫಿಕೇಟ್, ಗುರುತಿನ ಚೀಟಿ, ಕ್ಲೇಮು ಫಾರಂ ಸಾಕು. ಕಾಗದ ಎಲ್ಲ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನ ಹಣಕ್ಕೆ ನಾಮಿನಿಯಾದ ಮಾತ್ರಕ್ಕೆ ಎಲ್ಲ ಅವರದೇ ಆಗುವುದಿಲ್ಲ, ವಾರಸುದಾರರಿಗೆ ಪಾಲು ಇದ್ದೇ ಇರುತ್ತದೆ. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಆಗುವುದಿಲ್ಲ ಅಂದರೆ?

ಬಾಯಿಮಾತಿನ 'ಇಲ್ಲ'ವನ್ನು ಒಪ್ಪಿಕೊಂಡು ಎದ್ದು ಬರಬೇಡಿ. ಅರ್ಜಿಯ ಜೆರಾಕ್ಸ್ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ, ನಿರಾಕರಣೆಯನ್ನು ಕಾರಣದ ಸಮೇತ ಬರೆದು ಕೊಡಲು ಕೇಳಿ. ಕಾಗದದಲ್ಲಿ ಕೊಡಿ ಅಂದ ತಕ್ಷಣ ಎಷ್ಟೋ ಕಡೆ 'ನಾಳೆ ಬನ್ನಿ, ನೋಡೋಣ' ಅನ್ನುತ್ತಾರೆ. ಜೀವ ವಿಮೆ ಪಾಲಿಸಿಗೆ ಮೂರು ವರ್ಷ ತುಂಬಿದ್ದರೆ, ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟಿದ್ದರು ಎಂಬ ಕಾರಣ ಕೊಟ್ಟು ತಿರಸ್ಕರಿಸುವಂತಿಲ್ಲ, ವಿಮಾ ಕಾಯ್ದೆಯ 45ನೇ ಕಲಂ ಅದನ್ನು ತಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ, ಅಂದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಕರ್ನಾಟಕಕ್ಕೆ ಬೆಂಗಳೂರಿನಲ್ಲೇ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.