ಬ್ರಷ್, ನೊರೆ ಮತ್ತು ಕಾರ್ಟ್ರಿಜ್ ರೇಜರ್: ನನ್ನ ಅನುಭವ

ಎರಡು ಅಲಗಿನ ಬ್ಲೇಡ್ ಹಾಕುವ ಸೇಫ್ಟಿ ರೇಜರ್‌ನಲ್ಲಿ ಪಳಗಿದವರು ಕಾರ್ಟ್ರಿಜ್ ರೇಜರ್ (ಬ್ಲೇಡು ಕೂರಿಸಿದ ತಲೆಯನ್ನೇ ಇಡಿಯಾಗಿ ಬದಲಿಸುವಂಥದ್ದು) ಹಿಡಿದರೆ ಸಾಮಾನ್ಯವಾಗಿ ಹೇಳುವ ದೂರು ಎರಡು: ಕತ್ತು ಉರಿಯುತ್ತದೆ, ಬ್ಲೇಡುಗಳ ಸಂದಿಯಲ್ಲಿ ಕೂದಲು ಕಟ್ಟಿಕೊಳ್ಳುತ್ತದೆ. ಬಹುಪಾಲು ಸಲ ಇದಕ್ಕೆ ಕಾರಣ ರೇಜರ್ ಅಲ್ಲ, ನೊರೆ ಮತ್ತು ಕೈಯ ಭಾರ. ಡಬ್ಬಿಯ ಫೋಮ್ ಬಳಿದುಕೊಂಡು ಎರಡೇ ನಿಮಿಷದಲ್ಲಿ ಮುಗಿಸುವ ಅವಸರದ ಜೊತೆಗೇ ಕಾರ್ಟ್ರಿಜ್ ನಮ್ಮ ಮನೆಗಳಿಗೆ ಬಂತು, ಹಾಗಾಗಿ ಅದಕ್ಕೆ ಬ್ರಷ್ಷು, ಕ್ರೀಮು, ತಾಳ್ಮೆ ಬೇಕು ಅಂತ ಯಾರಿಗೂ ಅನಿಸಲಿಲ್ಲ. ಸೇಫ್ಟಿ ರೇಜರ್‌ಗೆ ಮಾಡುವಷ್ಟೇ ಪೂರ್ವತಯಾರಿಯನ್ನು ಇದಕ್ಕೂ ಮಾಡಿದರೆ ಫಲಿತಾಂಶವೇ ಬೇರೆ.

ನಾನು ಒಂದೇ ಬ್ರಷ್ಷು, ಒಂದೇ ಕ್ರೀಮು ಇಟ್ಟುಕೊಂಡು ಅಕ್ಕಪಕ್ಕ ಬಳಸಿ ನೋಡಿದ್ದು ಜಿಲೆಟ್‌ನ ಮ್ಯಾಕ್ ಥ್ರೀ ಮತ್ತು ಗಾರ್ಡ್. ಮ್ಯಾಕ್ ಥ್ರೀ 1998ರಲ್ಲಿ ಬಂದದ್ದು: ಮೂರು ಬ್ಲೇಡು, ಕೆಳಗೆ ರಬ್ಬರ್ ಗೀರುಗಳು, ಮೇಲೆ ಒದ್ದೆಯಾದರೆ ನುಣುಪಾಗಿ ಜಾರುವ ಪಟ್ಟಿ (ಜಾರುಪಟ್ಟಿ), ಹಿಂದೆ ಮುಂದೆ ವಾಲುವ ತಲೆ. ಗಾರ್ಡ್ 2010ರಲ್ಲಿ ಭಾರತಕ್ಕೆಂದೇ ತಂದದ್ದು. ಆಗ ರೇಜರ್‌ಗೆ 15 ರೂಪಾಯಿ, ಕಾರ್ಟ್ರಿಜ್‌ಗೆ 5 ರೂಪಾಯಿ. ಒಂದೇ ಬ್ಲೇಡು, ಅದರ ಮುಂದೆ ಹಲ್ಲುಹಲ್ಲಾದ ಪ್ಲಾಸ್ಟಿಕ್ ಅಂಚು. ನಲ್ಲಿ ಬಿಟ್ಟುಕೊಂಡು ತೊಳೆಯುವ ಅನುಕೂಲವಿಲ್ಲದೆ, ಒಂದು ಲೋಟ ನೀರಿಟ್ಟುಕೊಂಡು ಗಡ್ಡ ತೆಗೆಯುವವರನ್ನು ಕಂಡು ಮಾಡಿದ ರೇಜರ್ ಅದು. ಅದರ ಮಹತ್ವ ತೊಳೆಯುವಾಗ ಗೊತ್ತಾಗುತ್ತದೆ, ಮುಂದೆ ಹೇಳುತ್ತೇನೆ.

ಮೊದಲು ಕೂದಲು ನೆನೆಯಬೇಕು. ಒಣಗಿದ ಗಡ್ಡದ ಕೂದಲು ಗಡುಸು. ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಬೇಕು. ಸ್ನಾನ ಮುಗಿಸಿದ ಕೂಡಲೇ ಕೂರುವುದು ಸುಲಭದ ದಾರಿ. ಇಲ್ಲವಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಖದ ಮೇಲಿಡಿ. ಕೈಗೆ ಹಿತವೆನಿಸುವಷ್ಟು ಬಿಸಿ ಸಾಕು, ಸುಡುವಂತಿದ್ದರೆ ಚರ್ಮ ಕೆಂಪಾಗಿ ಆಮೇಲೆ ಇನ್ನಷ್ಟು ಉರಿಯುತ್ತದೆ. ನಾಲ್ಕೈದು ದಿನದ ಗಡ್ಡವಾಗಿದ್ದರೆ ಮೊದಲು ಟ್ರಿಮ್ಮರ್ ಓಡಿಸಿಕೊಳ್ಳಿ. ಉದ್ದ ಕೂದಲನ್ನು ಮೂರು ಬ್ಲೇಡಿನ ತಲೆ ನುಂಗಲಾರದು.

ಇನ್ನು ನೊರೆ. ನಾನು ಹೆಚ್ಚು ಒತ್ತು ಕೊಡುವುದು ಇದಕ್ಕೇ. ಬ್ರಷ್ಷನ್ನು ಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ನೆನೆಸಿ, ಎರಡು ಸಲ ಕೊಡವಿ. ಟ್ಯೂಬಿನಿಂದ ಎರಡು ಸೆಂಟಿಮೀಟರ್ ಉದ್ದದ ಎಳೆಯಷ್ಟು ಕ್ರೀಮು ಸಾಕು. ಒದ್ದೆ ಮುಖದ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗಿ, ನೊರೆ ಒಣಗಿದಂತೆ ಕಂಡಾಗ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮತ್ತೆ ಉಜ್ಜಿ. ಹೀಗೆ ಮೂರು ನಾಲ್ಕು ಸಲ. ಸೇಫ್ಟಿ ರೇಜರ್‌ಗೆ ದಪ್ಪ ನೊರೆಯಾದರೂ ನಡೆಯುತ್ತದೆ, ಏಕೆಂದರೆ ಬ್ಲೇಡಿನ ಕೆಳಗೆ ಅದಕ್ಕೆ ಧಾರಾಳ ಜಾಗವಿದೆ. ಕಾರ್ಟ್ರಿಜ್‌ನಲ್ಲಿ ಬ್ಲೇಡುಗಳ ನಡುವಿನ ಸಂದಿ ಕಿರಿದು. ಗುಡ್ಡೆಗುಡ್ಡೆ ನಿಲ್ಲುವ ನೊರೆ, ಕೂದಲ ಚೂರುಗಳನ್ನು ಸೇರಿಸಿಕೊಂಡು ಅಲ್ಲೇ ಗಾರೆಯಾಗುತ್ತದೆ. ಬೇಕಾದದ್ದು ತೆಳ್ಳನೆಯ, ಹೊಳಪಿನ, ಬೆರಳಿಟ್ಟರೆ ಜಾರುವ ನೊರೆ. ಗಾಳಿಗುಳ್ಳೆ ಕಣ್ಣಿಗೆ ಕಾಣುವಂತಿದ್ದರೆ ಇನ್ನೂ ಉಜ್ಜಬೇಕು ಅಂತ ಅರ್ಥ.

ಎಷ್ಟು ಉಜ್ಜಿದರೂ ನೊರೆ ಏಳದಿದ್ದರೆ ಕ್ರೀಮನ್ನು ಬೈಯುವ ಮೊದಲು ನೀರನ್ನು ನೋಡಿ. ಬೆಂಗಳೂರಿನ ಬೋರ್‌ವೆಲ್ ನೀರಿರುವ ಅಪಾರ್ಟ್‌ಮೆಂಟ್‌ಗಳಲ್ಲಿ, ಬಯಲುಸೀಮೆಯ ಕೊಳವೆಬಾವಿ ಊರುಗಳಲ್ಲಿ ಈ ಸಮಸ್ಯೆ ಮಾಮೂಲು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಕೊಬ್ಬಿನ ಆಮ್ಲದ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ನೊರೆ ಆಗಬೇಕಿದ್ದ ಸೋಪು ಹಾಗೇ ವ್ಯರ್ಥ. ಆ ಗಸಿಯೇ ಬ್ಲೇಡಿನ ಸಂದಿಗೂ ಮೆತ್ತಿಕೊಳ್ಳುತ್ತದೆ. ಕಾವೇರಿ ನೀರೋ ಫಿಲ್ಟರ್‌ನ ಆರ್‌ಒ ನೀರೋ ಒಂದು ಲೋಟ ಎತ್ತಿಟ್ಟುಕೊಂಡು ಬ್ರಷ್ ನೆನೆಸಲು, ನೊರೆ ಮಾಡಲು ಅದನ್ನೇ ಬಳಸಿ. ಮುಖ ತೊಳೆಯಲು ಯಾವ ನೀರಾದರೂ ಆದೀತು. ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ರೇಜರ್ ಹಿಡಿಯುವ ಕ್ರಮದಲ್ಲಿ ಸೇಫ್ಟಿ ರೇಜರ್‌ನ ಅಭ್ಯಾಸವನ್ನು ಅರ್ಧ ಬಿಡಬೇಕು, ಅರ್ಧ ಉಳಿಸಿಕೊಳ್ಳಬೇಕು. ಬಿಡಬೇಕಾದದ್ದು ಕೋನದ ಲೆಕ್ಕ. ಸೇಫ್ಟಿ ರೇಜರ್‌ನಲ್ಲಿ ಸುಮಾರು 30 ಡಿಗ್ರಿ ಕೋನವನ್ನು ಮಣಿಕಟ್ಟೇ ಕಾಯುತ್ತದೆ. ಇಲ್ಲಿ ತಲೆಯೇ ವಾಲಿಕೊಂಡು ಕೋನ ಕಾಯುತ್ತದೆ. ಕೆಳಗಿನ ರಬ್ಬರ್ ಅಂಚೂ ಮೇಲಿನ ಜಾರುಪಟ್ಟಿಯೂ ಎರಡೂ ಚರ್ಮಕ್ಕೆ ತಾಗಿರಬೇಕು, ಅಷ್ಟೇ. ಹಳೇ ರೂಢಿಯಿಂದ ಹಿಡಿಕೆಯನ್ನು ಎತ್ತಿ ತಗ್ಗಿಸಿ ಕೋನ ಹುಡುಕಲು ಹೋದರೆ ತಲೆ ಸ್ಪ್ರಿಂಗಿನ ವಿರುದ್ಧ ಒತ್ತಿಕೊಂಡು ಒಂದು ಬ್ಲೇಡಿನ ಮೇಲೇ ಭಾರ ಬೀಳುತ್ತದೆ. ಉಳಿಸಿಕೊಳ್ಳಬೇಕಾದದ್ದು ಹಗುರ ಕೈ. ಪ್ಲಾಸ್ಟಿಕ್ ಹಿಡಿಕೆಗೆ ಲೋಹದ ರೇಜರ್‌ನ ತೂಕವಿಲ್ಲ, ಆದ್ದರಿಂದ ಗೊತ್ತಿಲ್ಲದೆಯೇ ಕೈ ಒತ್ತುತ್ತದೆ. ಹಿಡಿಕೆಯ ತುದಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಮಾತ್ರ ಹಿಡಿದರೆ ಒತ್ತಲು ಆಗುವುದೇ ಇಲ್ಲ. ಚರ್ಮ ರೇಜರ್‌ನ ಮುಂದೆ ಮಡಿಕೆಯಾಗಿ ಉಬ್ಬುತ್ತಿದ್ದರೆ ಒತ್ತಡ ಜಾಸ್ತಿಯಾಗಿದೆ. ಎರಡು ಮೂರು ಸೆಂಟಿಮೀಟರ್‌ನ ಚಿಕ್ಕ ಎಳೆತ ಸಾಕು. ರೇಜರನ್ನು ಅಲಗಿನ ಉದ್ದಕ್ಕೇ ಪಕ್ಕಕ್ಕೆ ಮಾತ್ರ ಸರಿಸಬೇಡಿ, ಕಾರ್ಟ್ರಿಜ್ ಆದರೂ ಕೊಯ್ಯುತ್ತದೆ.

ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೇ. ಕೆನ್ನೆ, ಗದ್ದದಲ್ಲಿ ಕೂದಲು ಕೆಳಮುಖ. ಕತ್ತಿನಲ್ಲಿ ಹಾಗಿಲ್ಲ: ಗಂಟಲಮಣಿಯ ಕೆಳಗೆ ಅನೇಕರಿಗೆ ಮೇಲ್ಮುಖ, ಪಕ್ಕಗಳಲ್ಲಿ ಓರೆ. ಎರಡು ದಿನದ ಗಡ್ಡವಿದ್ದಾಗ ಬೆರಳಾಡಿಸಿ ನೋಡಿ. ನುಣುಪಾಗಿ ಜಾರುವ ಕಡೆಯೇ ಬೆಳೆದ ದಿಕ್ಕು. ಎರಡನೇ ಸುತ್ತಿಗೆ ಮತ್ತೆ ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿಗೆ ಅಡ್ಡವಾಗಿ. ಮೂರು ಬ್ಲೇಡಿನ ರೇಜರ್ ಒಂದು ಎಳೆತಕ್ಕೆ ಮೂರು ಸಲ ಚರ್ಮದ ಮೇಲೆ ಹಾಯುತ್ತದೆ ಅನ್ನುವುದು ನೆನಪಿರಲಿ. ಹಾಗಾಗಿ ಎದುರುದಿಕ್ಕಿನ ಮೂರನೇ ಸುತ್ತು ನನ್ನ ಪ್ರಕಾರ ಅನಗತ್ಯ, ಕತ್ತಿನಲ್ಲಂತೂ ಬೇಡವೇ ಬೇಡ. ಮೊದಲ ಬ್ಲೇಡು ಕೂದಲನ್ನು ತುಸು ಮೇಲಕ್ಕೆಳೆಯುತ್ತದೆ, ಅದು ಒಳಸರಿಯುವ ಮೊದಲೇ ಹಿಂದಿನ ಬ್ಲೇಡು ಕತ್ತರಿಸುತ್ತದೆ. ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ನಿಲ್ಲುತ್ತದೆ. ಗುಂಗುರು ಕೂದಲಿನವರಿಗೆ ಆ ಚೂಪು ತುದಿ ಒಳಗೇ ಬಾಗಿ ಚರ್ಮಕ್ಕೆ ಚುಚ್ಚಿ ಗುಳ್ಳೆಯೇಳುತ್ತದೆ. ಕತ್ತಿನ ಚರ್ಮವನ್ನು ಬಲವಾಗಿ ಎಳೆದು ಹಿಡಿದರೂ ಆಗುವುದು ಇದೇ. ಗುಳ್ಳೆ ಬರುವವರು ಕತ್ತಿಗೆ ಗಾರ್ಡ್‌ನಂಥ ಒಂಟಿ ಬ್ಲೇಡನ್ನೋ ಹಳೆಯ ಸೇಫ್ಟಿ ರೇಜರನ್ನೋ ಬಳಸುವುದು ಲೇಸು.

ಮೂಗಿನ ಕೆಳಗೆ ದಪ್ಪ ತಲೆ ಹೋಗದು. ಮೇಲ್ದುಟಿಯನ್ನು ಹಲ್ಲಿನ ಮೇಲೆ ಬಿಗಿದು, ಮೂಗಿನ ತುದಿಯನ್ನು ಬೆರಳಲ್ಲಿ ಎತ್ತಿ ಹಿಡಿದರೆ ಸ್ವಲ್ಪ ಜಾಗ ಸಿಗುತ್ತದೆ. ಮೀಸೆಯ ಅಂಚು ನೇರ ಬರಬೇಕಾದವರಿಗೆ ಸೇಫ್ಟಿ ರೇಜರ್ರೇ ವಾಸಿ. ಕಾರ್ಟ್ರಿಜ್‌ನಲ್ಲಿ ಅಲಗು ಎಲ್ಲಿದೆಯೆಂದೇ ಕಾಣುವುದಿಲ್ಲ.

ತೊಳೆಯುವ ಕೆಲಸ ಪ್ರತಿ ಎರಡು ಮೂರು ಎಳೆತಕ್ಕೊಮ್ಮೆ. ನಲ್ಲಿ ಇದ್ದರೆ ತಲೆಯ ಹಿಂಬದಿಯಿಂದ ನೀರು ಬಿಡಿ, ಕೂದಲು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮಗ್ಗಿನ ನೀರಾದರೆ ಎರಡು ಮಗ್ ಇಟ್ಟುಕೊಳ್ಳಿ: ಒಂದರಲ್ಲಿ ಮೊದಲ ಅಲುಗಾಟ, ಇನ್ನೊಂದರಲ್ಲಿ ಕೊನೆಯದು. ಮಗ್ಗಿನ ನೀರಲ್ಲಿ ಮೂರು ಬ್ಲೇಡಿನ ತಲೆಯನ್ನು ಹತ್ತಾರು ಸಲ ಆಡಿಸಬೇಕು, ಗಾರ್ಡ್ ಎರಡು ಸಲಕ್ಕೇ ಚೊಕ್ಕ. ಸಿಂಕಿಗೆ ಕುಟ್ಟುವುದು, ಟವೆಲಿನಿಂದ ಒರೆಸುವುದು, ಸೇಫ್ಟಿಪಿನ್ನಿನಿಂದ ಕೆದಕುವುದು ಮೂರೂ ಅಲಗನ್ನು ಹಾಳುಮಾಡುತ್ತವೆ.

ಕೊನೆಗೆ ತಣ್ಣೀರು, ಒದ್ದೆ ಮುಖಕ್ಕೆ ಪಟಿಕದ ಕಲ್ಲು. ಪಟಿಕ ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕೈ ಒತ್ತಿತ್ತು ಅಂತ ತಿಳಿಯಿರಿ, ಮುಂದಿನ ಸಲ ಅಲ್ಲಿ ಹಗುರವಾಗಿ ಹೋಗಿ. ಅರ್ಧ ನಿಮಿಷ ಬಿಟ್ಟು ತೊಳೆದು, ಮಾಯಿಶ್ಚರೈಸರ್ ಹಚ್ಚಿ.

ಕಾರ್ಟ್ರಿಜ್ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಅಲಗನ್ನು ಹೇಗೆ ಕೆಡಿಸುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದರು: ಅಲಗು ಬರೀ ಸವೆಯುವುದಲ್ಲ, ಕೂದಲು ಬಾಗಿ ಓರೆಯಾಗಿ ತಾಗಿದಾಗ ಅಂಚಿನಲ್ಲಿ ಸೂಕ್ಷ್ಮ ಚಕ್ಕೆ ಏಳುತ್ತದೆ. ಜಾರುಪಟ್ಟಿ ಬಣ್ಣಗೆಟ್ಟ ಮಾತ್ರಕ್ಕೆ ಕಾರ್ಟ್ರಿಜ್ ಎಸೆಯಬೇಕಿಲ್ಲ. ಬ್ರಷ್ಷಿನ ನೊರೆ ಇದ್ದರೆ ಆ ಪಟ್ಟಿಯ ಹಂಗೇ ಇಲ್ಲ. ಗದ್ದದ ಮೇಲೆ ಮೊದಲ ಎಳೆತಕ್ಕೇ ಕೂದಲು ಜಗ್ಗಿದಂತಾದರೆ ಅಂದೇ ಬದಲಿಸಿ. ಬಳಸಿದ ಮೇಲೆ ಜೋರಾಗಿ ಕೊಡವಿ, ಬಚ್ಚಲಮನೆಯ ಹಬೆಯಿಂದ ಹೊರಗೆ, ಗಾಳಿಯಾಡುವ ಕಡೆ ಇಡಿ. ಕೊಳ್ಳುವಾಗ ಬೆಲೆ ತೀರಾ ಕಡಿಮೆಯಿದ್ದರೆ ನಕಲಿ ಇರಬಹುದು, ಪೇಟೆಯಲ್ಲಿ ಅವು ಸಾಕಷ್ಟಿವೆ. ಬ್ಲೇಡುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ, ಹಿಡಿಕೆಗೆ ಹಾಕಿದಾಗ ಟಿಕ್ಕೆಂದು ಕೂರದೆ ಅಲ್ಲಾಡುತ್ತಿದ್ದರೆ ಅದನ್ನು ಮುಖಕ್ಕೆ ಮುಟ್ಟಿಸಬೇಡಿ.