ಮೂತಿ ಹೊರಗೆ, ಬಾಲ ಒಳಗೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನನ್ನ ಪಾಲಿಗೆ ಬಂದದ್ದು ಎರಡು ಕಂಬಗಳ ನಡುವಿನ ಜಾಗ. ಟೇಪ್ ಹಿಡಿದು ಅಳೆದಿದ್ದೇನೆ, ಕಂಬದಿಂದ ಕಂಬಕ್ಕೆ 8 ಅಡಿ 2 ಅಂಗುಲ. ನನ್ನ ವ್ಯಾಗನ್ ಆರ್ ಅಗಲ 1,620 ಮಿಲಿಮೀಟರ್, ಅಂದರೆ ಹೆಚ್ಚುಕಮ್ಮಿ 5 ಅಡಿ 4 ಅಂಗುಲ. ನಟ್ಟನಡುವೆ ನಿಲ್ಲಿಸಿದರೆ ಎರಡೂ ಕಡೆ ಒಂದೂವರೆ ಅಡಿ ಉಳಿಯುವುದೂ ಕಷ್ಟ. ಅದರಲ್ಲಿ ಬಾಗಿಲು ತೆಗೆಯಬೇಕು, ನಾನು ಇಳಿಯಬೇಕು, ಹೆಗಲ ಮೇಲಿನ ಬ್ಯಾಗೂ ಇಳಿಯಬೇಕು.

ಕಾರು ಕಲಿತದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಡ್ರೈವಿಂಗ್ ಸ್ಕೂಲಿನವರು ಖಾಲಿ ಮೈದಾನದಲ್ಲಿ ಎಂಟು ಹಾಕಿಸಿದರು, ರಿವರ್ಸ್ ಎಂದು ನೇರಕ್ಕೆ ಇಪ್ಪತ್ತು ಅಡಿ ಹಿಂದಕ್ಕೆ ತೆಗೆಸಿದರು. ಅಷ್ಟೇ. ಹಾಗಾಗಿ ಮೊದಲ ಆರು ತಿಂಗಳು ನಾನು ಕಾರನ್ನು ಮೂತಿ ಮುಂದೆ ಮಾಡಿಯೇ ನುಗ್ಗಿಸುತ್ತಿದ್ದೆ. ಎದುರು ಸಾಲಿಗೂ ನನ್ನ ಸಾಲಿಗೂ ನಡುವಿನ ದಾರಿ 15 ಅಡಿ. ಈ ಗಾಡಿಯ ಟರ್ನಿಂಗ್ ರೇಡಿಯಸ್ (ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದು ಸುತ್ತುವ ವೃತ್ತದ ತ್ರಿಜ್ಯ) 4.7 ಮೀಟರ್, 15 ಅಡಿಗಿಂತ ಚೂರು ಜಾಸ್ತಿಯೇ. ಲೆಕ್ಕ ಅಲ್ಲೇ ತಪ್ಪುತ್ತಿತ್ತು. ಒಂದು ಸಲ ನುಗ್ಗಿಸು, ಕಂಬ ಎದುರಾಯಿತು, ಹಿಂದಕ್ಕೆ ತೆಗಿ, ಮತ್ತೆ ನುಗ್ಗಿಸು. ಮೂರನೆಯದೋ ನಾಲ್ಕನೆಯದೋ ಪ್ರಯತ್ನಕ್ಕೆ ಒಳಗೆ. ನನಗೆ ಡ್ರೈವಿಂಗ್ ಬರುವುದಿಲ್ಲ, ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ಬೆಳಗ್ಗೆಯದು ಇನ್ನೂ ದೊಡ್ಡ ಗೋಳು. ಎಂಟೂ ಹತ್ತಕ್ಕೆ ಹೊರಡಬೇಕು. ಅದೇ ಹೊತ್ತಿಗೆ ಶಾಲೆ ವ್ಯಾನಿಗೆ ಓಡುವ ಮಕ್ಕಳು, ಪೇಪರ್ ಹುಡುಗನ ಸೈಕಲ್, ಕಾರು ತೊಳೆಯುವವರ ಬಕೆಟ್ಟು. ಒಂದು ದಿನ ಕಾರು ಹಿಂದಕ್ಕೆ ತೆಗೆಯುತ್ತಿದ್ದಾಗ ಪಕ್ಕದ ದೊಡ್ಡ ಎಸ್‌ಯುವಿ ಮರೆಯಿಂದ ಚಿಕ್ಕ ಸೈಕಲ್ಲೊಂದು ಸರ್ರನೆ ನನ್ನ ಬಾಲದ ಹಿಂದೆ ಹಾದುಹೋಯಿತು. ಸೆನ್ಸರ್ ಕೂಗಿದ್ದು ಸೈಕಲ್ ಹೋದ ಮೇಲೆ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಒಳ್ಳೆಯದೇ. ಆದರೆ ಬಂಪರಿನ ನೇರ ಹಿಂದೆ, ನಾಲ್ಕೈದು ಅಡಿಯೊಳಗೆ ಇರುವ ಗೋಡೆ ಕಂಬಗಳನ್ನು ಹೇಳುವುದಷ್ಟೇ ಅದರ ಕೆಲಸ. ಅಡ್ಡದಿಂದ ಓಡಿಬರುವ ಮಗುವಿನ ಬಗ್ಗೆ ಮುಂಚಿತವಾಗಿ ಅದು ಏನೂ ಹೇಳುವುದಿಲ್ಲ. ಆ ದಿನ ಆಫೀಸ್ ತಲುಪುವವರೆಗೂ ಸ್ಟೀರಿಂಗ್ ಮೇಲಿನ ಕೈ ನಡುಗುತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನಮ್ಮ ಭಾವನಿಗೆ ಇದನ್ನು ಹೇಳಿದೆ. ಅವರಲ್ಲಿ ಗೇಟಿನ ಒಳಗೇ ಬೋರ್ಡು: ಎಲ್ಲ ಗಾಡಿಗಳನ್ನೂ ರಿವರ್ಸಿನಲ್ಲೇ ನಿಲ್ಲಿಸಬೇಕು. ಬೆಂಕಿಗಿಂಕಿ ಹತ್ತಿದರೆ ನೂರು ಕಾರುಗಳು ಒಟ್ಟಿಗೆ ಹಿಂದಕ್ಕೆ ತೆಗೆಯುತ್ತಾ ಕೂರಬಾರದು ಎಂದು. ಭಾವ ಹೇಳಿದ್ದು ಇನ್ನೊಂದು ಮಾತು. “ಫೋರ್ಕ್‌ಲಿಫ್ಟ್ ನೋಡಿದ್ದೀಯಾ? ಅದರಲ್ಲಿ ತಿರುಗೋದು ಹಿಂದಿನ ಚಕ್ರ. ಅದಕ್ಕೇ ಇಕ್ಕಟ್ಟಿನಲ್ಲಿ ಗಿರಗಿಟ್ಲೆ ಥರ ತಿರುಗುತ್ತೆ. ನಿನ್ನ ಕಾರನ್ನು ರಿವರ್ಸ್ ಹಾಕಿದ ತಕ್ಷಣ ಅದೂ ಫೋರ್ಕ್‌ಲಿಫ್ಟೇ.”

ತಲೆಗೆ ಬಲ್ಬು ಹತ್ತಿದ್ದು ಆಗ. ಮುಂದಕ್ಕೆ ಹೋಗುವಾಗ ಮುಂದಿನ ಚಕ್ರ ಎಲ್ಲಿಗೆ ಬೇಕಾದರೂ ತಿರುಗುತ್ತದೆ, ಹಿಂದಿನ ಚಕ್ರಕ್ಕೆ ತಿರುಗುವ ಯೋಗವಿಲ್ಲ. ಅದು ಮೂಲೆಯನ್ನು ಕತ್ತರಿಸಿಕೊಂಡು ಅಡ್ಡದಾರಿಯಲ್ಲಿ ಬರುತ್ತದೆ. ಮೂತಿ ಆರಾಮಾಗಿ ಕಂಬ ದಾಟಿರುತ್ತದೆ, ಹೊಟ್ಟೆ ಹೋಗಿ ಕಂಬಕ್ಕೆ ಉಜ್ಜುತ್ತದೆ. ರಿವರ್ಸಿನಲ್ಲಿ ಆ ತಿರುಗದ ಚಕ್ರಗಳೇ ಮೊದಲು ಒಳಗೆ ಹೋಗುತ್ತವೆ, ದಾರಿಯಲ್ಲಿ ಉಳಿದ ಮುಂಭಾಗವನ್ನು ಆಮೇಲೆ ಆಚೀಚೆ ಸರಿಸಿ ನೇರ ಮಾಡಿಕೊಳ್ಳಬಹುದು. ನನಗೆ ಡ್ರೈವಿಂಗ್ ಬಾರದ್ದು ನಿಜವೇ ಇರಬಹುದು, ಆದರೆ ಆರು ತಿಂಗಳು ನಾನು ಒದ್ದಾಡಿದ್ದು ಎರಡರಲ್ಲಿ ಹೆಚ್ಚು ಕಷ್ಟದ್ದನ್ನೇ ಆರಿಸಿಕೊಂಡು!

ಮುಂದಿನ ಭಾನುವಾರ ಮಧ್ಯಾಹ್ನ, ಎಲ್ಲರೂ ಉಂಡು ಮಲಗಿದ ಹೊತ್ತಿನಲ್ಲಿ, ಬೇಸ್‌ಮೆಂಟಿಗೆ ಹೋಗಿ ಹದಿನೈದು ಸಲ ಹಾಕಿ ತೆಗೆದೆ. ನನ್ನ ಜಾಗ ಎಡಗಡೆ. ಅದನ್ನು ದಾಟಿ, ನನ್ನ ಭುಜ ಮುಂದಿನ ಮನೆಯವರ ಜಾಗದ ನಡುಮಧ್ಯಕ್ಕೆ ಬಂದಾಗ ಸ್ಟೀರಿಂಗ್ ಬಲಕ್ಕೆ ಎಳೆದು ಮೂತಿಯನ್ನು ಎದುರು ಸಾಲಿನ ಕಡೆ ಓರೆ ಮಾಡಿ ನಿಲ್ಲಿಸುತ್ತೇನೆ. ಈಗ ಬಾಲ ನನ್ನ ಜಾಗದ ಕಡೆ ನೋಡುತ್ತಿರುತ್ತದೆ. ಈ ಓರೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ಆದರೆ ತುಂಬಾ ಜನ ಇದನ್ನೇ ಬಿಟ್ಟು ನೇರ ನಿಂತಲ್ಲಿಂದ ತಿರುಗಿಸಲು ನೋಡುತ್ತಾರೆ. ಆಮೇಲೆ ರಿವರ್ಸ್, ಸ್ಟೀರಿಂಗ್ ಪೂರ್ತಿ ಎಡಕ್ಕೆ, ಕಾಲು ಕ್ಲಚ್ಚಿನ ಮೇಲೆ, ಆಕ್ಸಿಲರೇಟರ್ ಮುಟ್ಟುವ ಹಾಗೇ ಇಲ್ಲ. ಎಡಗನ್ನಡಿಯನ್ನು ಮೊದಲೇ ಸ್ವಲ್ಪ ಕೆಳಕ್ಕೆ ಬಾಗಿಸಿರುತ್ತೇನೆ, ಹಿಂದಿನ ಟೈರೂ ನೆಲದ ಹಳದಿ ಗೆರೆಯೂ ಕಾಣುವಷ್ಟು. ಆ ಕನ್ನಡಿಯಲ್ಲಿ ಹತ್ತಿರದ ಕಂಬಕ್ಕೂ ಕಾರಿನ ಮೈಗೂ ನಡುವೆ ಬೆಳಕಿನ ಒಂದು ಪಟ್ಟಿ ಕಾಣುತ್ತಿರಬೇಕು. ಪಟ್ಟಿ ಸಣ್ಣಗಾಯಿತೋ, ನಿಲ್ಲು, ಅರ್ಧ ಗಾಡಿಯಷ್ಟು ಮುಂದೆ ಹೋಗು, ಮತ್ತೆ ಬಾ. ಇದರಲ್ಲಿ ನಾಚಿಕೆ ಏನೂ ಇಲ್ಲ. ಎರಡೂ ಕನ್ನಡಿಗಳಲ್ಲಿ ಪಟ್ಟಿ ಸಮಸಮ ಕಂಡ ಕೂಡಲೇ ಸ್ಟೀರಿಂಗ್ ನೇರ, ಮೆಲ್ಲಗೆ ಹಿಂದಕ್ಕೆ.

ಎಂಟನೆಯದೋ ಒಂಬತ್ತನೆಯದೋ ಸಲ ಕರ್ರ್ ಅಂತ ಸದ್ದಾಯಿತು. ಹಿಂದಿನದಲ್ಲ, ಮುಂದಿನದು. ಬಾಲ ಎಡಕ್ಕೆ ಹೋದರೆ ಮೂತಿಯ ಬಲ ಮೂಲೆ ಆಚೆ ಬೀಸಿಕೊಂಡು ಹೋಗುತ್ತದೆ ಅನ್ನುವುದನ್ನು ನಾನು ಮರೆತಿದ್ದೆ. ಎರಡೂ ಕಣ್ಣು ಕನ್ನಡಿಗೆ ಅಂಟಿದ್ದವು, ಬಂಪರ್ ಎದುರು ಸಾಲಿನ ಕಂಬವನ್ನು ನೆಕ್ಕಿತ್ತು. ಟಚಪ್‌ಗೆ 3,500 ರೂಪಾಯಿ. ಯಜಮಾನರು ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ವಾಸಿಯಿತ್ತು.

ಸಹಾಯಕ್ಕೆ ಬರುವವರ ಬಗ್ಗೆಯೂ ಒಂದು ಮಾತು. ವಾಚ್‌ಮನ್ ತುಂಬಾ ಒಳ್ಳೆಯ ಮನುಷ್ಯ. “ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ, ಬರ್ಲಿ, ಹೋಲ್ಡಾನ್ ಹೋಲ್ಡಾನ್!” ಅವರು ನನ್ನ ಕಡೆ ಮುಖ ಮಾಡಿ ನಿಂತಿರುತ್ತಾರೆ, ಲೆಫ್ಟು ಅವರದೋ ನನ್ನದೋ ಎಂದು ಯೋಚಿಸುವಷ್ಟರಲ್ಲಿ ಹೋಲ್ಡಾನ್ ಬಂದುಬಿಡುತ್ತದೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಬಸ್ಸುಗಳು ಪ್ಲಾಟ್‌ಫಾರಮ್ಮಿಗೆ ಮೂತಿ ಕೊಟ್ಟೇ ನಿಲ್ಲುತ್ತವೆ, ಜನ ಬೋರ್ಡು ಓದಬೇಕಲ್ಲ. ಹೊರಡುವಾಗ ಹಿಂದಕ್ಕೆ ತೆಗೆಯಲು ಕಂಡಕ್ಟರ್ ಇಳಿದು ಹೋಗಿ ವಿಷಲ್ ಊದುತ್ತಾರೆ. ಲೆಫ್ಟು ರೈಟಿನ ಗೊಂದಲವೇ ಇಲ್ಲ, ಬಾ ಅಥವಾ ನಿಲ್ಲು. ನಾನೂ ವಾಚ್‌ಮನ್ ಹತ್ತಿರ ಹಾಗೇ ಮಾತಾಡಿಕೊಂಡೆ. ಸ್ಟೀರಿಂಗ್ ನನ್ನದು, ನೀವು ನಿಲ್ಲಿ ಅಂತ ಮಾತ್ರ ಹೇಳಿ. ಅವರಿಗೆ ಸ್ವಲ್ಪ ಬೇಜಾರಾಯಿತು.

ರಿವರ್ಸ್ ಹಾಕಿ ನಿಲ್ಲಿಸಿದರೆ ಹೊರಡುವಾಗ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರಲ್ಲ, ಅದನ್ನೂ ಅಳೆದೆ. ನನ್ನ ಕಣ್ಣಿನಿಂದ ಮುಂದಿನ ಬಂಪರಿಗೆ ಐದೂ ಮುಕ್ಕಾಲು ಅಡಿ, ಹಿಂದಿನದಕ್ಕೆ ಆರೂ ಕಾಲು. ಅರ್ಧ ಅಡಿಯ ವ್ಯತ್ಯಾಸ, ಅಷ್ಟೇನಾ ಅನ್ನಿಸಿತು. ಆದರೆ ಮುಂದಕ್ಕೆ ಹೊರಡುವಾಗ ನಾನು ಸ್ಟೀರಿಂಗ್ ಮೇಲೆ ಬಗ್ಗಿ ಇನ್ನೊಂದು ಅಡಿ ಗಳಿಸಬಹುದು, ಹಿಂದಕ್ಕೆ ಬಗ್ಗಲು ಸೀಟು ಬಿಡುವುದಿಲ್ಲ. ಹಿಂದಿನ ಗಾಜಿನ ಪಕ್ಕದ ದಪ್ಪ ಕಂಬಿ, ಸೀಟುಗಳ ತಲೆದಿಂಬು ಅರ್ಧ ನೋಟ ನುಂಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸ್‌ಮೆಂಟಿನ ಮಬ್ಬಿನಲ್ಲಿ ಹೆಡ್‌ಲೈಟ್ ಹಾಕಿದರೆ ಕಾರಿಗಿಂತ ಮೊದಲು ಬೆಳಕು ಎದುರು ಗೋಡೆಗೆ ಬೀಳುತ್ತದೆ. ಮಕ್ಕಳು ಅದನ್ನು ನೋಡಿಯೇ ನಿಲ್ಲುತ್ತಾರೆ.

ಹಾಗಂತ ಎಲ್ಲ ಕಡೆ ರಿವರ್ಸೇ ಎಂದು ಹಟ ಹಿಡಿಯುವವಳಲ್ಲ ನಾನು. ಸೂಪರ್‌ಮಾರ್ಕೆಟ್ಟಿನಲ್ಲಿ ಡಿಕ್ಕಿ ಗೋಡೆಗೆ ಅಂಟಿದರೆ 25 ಕಿಲೋ ಅಕ್ಕಿ ಚೀಲವನ್ನು ತಲೆ ಮೇಲೆ ಹೊತ್ತೇ ಒಳಗೆ ಕೂರಬೇಕಾಗುತ್ತದೆ. ಪಕ್ಕದ ಮನೆಯವರ ಎಂಜಿ ಜ಼ಡ್ಎಸ್ ಇವಿಗೆ ಚಾರ್ಜಿಂಗ್ ಬಾಯಿ ಇರುವುದೇ ಮೂತಿಯಲ್ಲಿ, ಪ್ಲಗ್ ಪಾಯಿಂಟ್ ಗೋಡೆಯಲ್ಲಿ, ಅವರಿಗೆ ಬೇರೆ ದಾರಿಯಿಲ್ಲ. ಭಾನುವಾರ ಸಂಜೆ ಮಾಲ್‌ನಲ್ಲಿ ಹಿಂದಿನವರು ಬಂಪರಿಗೆ ಬಂಪರ್ ತಾಗಿಸಿ ಹಾರ್ನ್ ಹೊಡೆಯುತ್ತಿದ್ದರೆ ನಾನು ಆ ಜಾಗವನ್ನೇ ಬಿಟ್ಟು ಇನ್ನೊಂದು ಫ್ಲೋರ್ ಮೇಲೆ ಹೋಗುತ್ತೇನೆ, ಅಲ್ಲಿ ಖಾಲಿ ಇರುತ್ತದೆ. ಇನ್ನು ಪೆಟ್ರೋಲ್ ಸ್ಕೂಟರಿಗೆ ರಿವರ್ಸ್ ಗೇರೇ ಇಲ್ಲವಲ್ಲ! ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಆಮೇಲೆ ಕಾಲಲ್ಲಿ ಎಳೆಯಲಾಗದೆ ಒದ್ದಾಡಿದವರಿಗೆ ಈ ಲೇಖನವೇ ಬೇಕಾಗಿಲ್ಲ.

ತಿಪಟೂರಿನ ಅಪ್ಪನ ಮನೆಯಲ್ಲಂತೂ ಮೂತಿ ಒಳಗೆ ಮಾಡಿಯೇ ನಿಲ್ಲಿಸುವುದು. ಅಪ್ಪನಿಗೆ ಉಬ್ಬಸ, ಕೂರುವುದು ಜಗಲಿಯಲ್ಲಿ. ರಿವರ್ಸ್ ಹಾಕಿದರೆ ಸೈಲೆನ್ಸರ್ ಹೊಗೆ ನೇರ ಅವರ ಮುಖಕ್ಕೆ. ಹಾಗಾಗಿ ಹೊರಡುವಾಗ ಹಿಂದಕ್ಕೇ ತೆಗೆಯಬೇಕು, ಗೇಟಿನ ಎರಡು ಕಲ್ಲುಕಂಬಗಳ ನಡುವೆ, ಅಮ್ಮನ ಉಸ್ತುವಾರಿಯಲ್ಲಿ. ಮೊದಲೆಲ್ಲ ಅಮ್ಮ ಸರಿಯಾಗಿ ಕಾರಿನ ಬೆನ್ನ ಹಿಂದೆ, ನನಗೆ ಕೂದಲೆಳೆಯೂ ಕಾಣದ ಕಡೆ ನಿಂತು “ಬಾ, ಬಾ, ಬೇಕಾದಷ್ಟು ಜಾಗ ಇದೆ” ಅನ್ನುತ್ತಿದ್ದಳು. “ಕನ್ನಡಿಯಲ್ಲಿ ನನ್ನ ಮುಖ ನಿನಗೆ ಕಂಡರೆ ಮಾತ್ರ ನೀನೂ ನನಗೆ ಕಾಣ್ತೀಯ” ಎಂದು ಹೇಳಿಕೊಟ್ಟೆ. ಕಳೆದ ಸಲ ಹೊರಡುವಾಗ ಬಲಗನ್ನಡಿಯಲ್ಲಿ ನೋಡಿದೆ. ಅಮ್ಮ ಸೊಂಟ ಬಗ್ಗಿಸಿ, ಕಣ್ಣು ಕಿರಿದು ಮಾಡಿಕೊಂಡು, ನನ್ನ ಮುಖ ಹುಡುಕುತ್ತಾ ಮೂರು ಹೆಜ್ಜೆ ಪಕ್ಕಕ್ಕೆ ಬಂದಳು. ಸಿಕ್ಕಿತು ಅನ್ನುವ ಹಾಗೆ ಕೈ ಎತ್ತಿದಳು. ಕ್ಲಚ್ ಬಿಟ್ಟೆ, ಡಿಕ್ಕಿಯಲ್ಲಿ ಇಪ್ಪತ್ತು ತೆಂಗಿನಕಾಯಿ ಗುಡುಗುಡು ಉರುಳಿದವು.